486 ಲ್ಯಾಪ್‌ಟಾಪ್, ವಿಂಡೋಸ್ 95ರ 13 ಫ್ಲಾಪಿ. ಒಂದು ಮಾತ್ರ ಓದುತ್ತಿದೆ, ಎಂತ ಮಾಡುವುದು?

ಅಟ್ಟದಿಲಿ, ಕಟಪಾಡಿ
ಜೂನ್ 14, ರಾತ್ರಿ 10:20

ನಮಸ್ಕಾರ. ಮಳೆ ಜೋರಾಗುವ ಮೊದಲು ಹಂಚು ಸರಿ ಮಾಡೋಣ ಅಂತ ಅಟ್ಟ ಹತ್ತಿದ್ದೆ. ಮೂಲೆಯಲ್ಲಿ ದೊಡ್ಡಪ್ಪನ ಲ್ಯಾಪ್‌ಟಾಪ್ ಸಿಕ್ಕಿತು. 1996ರಲ್ಲಿ ದುಬೈಯಲ್ಲಿ ಕೊಂಡದ್ದಂತೆ. ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೊಂದು ಹಳೆ ಬೈರಾಸು ಸುತ್ತಿ ಇಟ್ಟಿದ್ದರು. ಪಕ್ಕದಲ್ಲಿ ಹಲಸಿನ ಹಪ್ಪಳದ ಡಬ್ಬಿ. ಹಪ್ಪಳ ಉಂಟೋ ಅಂತ ಮುಚ್ಚಳ ತೆಗೆದರೆ ಒಳಗೆ ಬರೀ ಫ್ಲಾಪಿ.

ಯಂತ್ರದ ಪ್ರೊಸೆಸರ್ 486 ಡಿಎಕ್ಸ್4, 75 ಮೆಗಾಹರ್ಟ್ಸ್. 8 ಎಂಬಿ ರ‍್ಯಾಮ್. ಹಾರ್ಡ್ ಡಿಸ್ಕ್ 500 ಎಂಬಿ ಆಸುಪಾಸು. ಸಿಡಿ ಡ್ರೈವ್ ಇಲ್ಲ, ಯುಎಸ್‌ಬಿ ಇಲ್ಲ. ಇರುವುದು ಒಂದು ಫ್ಲಾಪಿ ಡ್ರೈವ್, ಒಂದು ಪ್ರಿಂಟರ್ ಪೋರ್ಟ್, ಒಂದು ಸೀರಿಯಲ್ ಪೋರ್ಟ್. ಚಾರ್ಜರ್ ಹಾಕಿದರೆ ಸ್ಕ್ರೀನ್ ಬರುತ್ತದೆ, ಮೆಮೊರಿ ಎಣಿಸುತ್ತದೆ. ಆಮೇಲೆ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಬಡಿದು ಅಲ್ಲೇ ನಿಲ್ಲುತ್ತದೆ.

ಡಬ್ಬಿಯಲ್ಲಿ ವಿಂಡೋಸ್ 95ರ ಅಪ್‌ಗ್ರೇಡ್ ಸೆಟ್ಟಿನ 13 ಫ್ಲಾಪಿ, ಡಾಸ್ 6.22ರ (ವಿಂಡೋಸಿಗಿಂತ ಹಿಂದಿನ, ಟೈಪ್ ಮಾಡಿ ಓಡಿಸುವ ವ್ಯವಸ್ಥೆ) 3 ಫ್ಲಾಪಿ, ಇನ್ನೂ ಏನೇನೋ ಇವೆ. ಆನ್‌ಲೈನಿನಲ್ಲಿ ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ನನ್ನ ಈಗಿನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆ. 95ರ ಒಂದನೇ ಫ್ಲಾಪಿ ಚೆನ್ನಾಗಿ ಓದುತ್ತದೆ. ಎರಡರಿಂದ ಹದಿಮೂರರ ತನಕ ಒಂದೂ ಇಲ್ಲ. ಹಾಕಿದ ಕೂಡಲೇ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. 12 ಫ್ಲಾಪಿ ಸಾಲಾಗಿ ಸಾಯುತ್ತವಾ?

ದೊಡ್ಡಪ್ಪ ತಿಂಗಳ ಕೊನೆಗೆ ಮುಂಬೈಯಿಂದ ಬರುತ್ತಾರೆ. ಅಷ್ಟರಲ್ಲಿ ಇದರಲ್ಲಿ ವಿಂಡೋಸ್ ಹಾಕಿ ಇಡಬೇಕು ಅಂತ ಆಸೆ.

ಬಂದರ್ ರಿಪೇರಿ, ಮಂಗಳೂರು
ಜೂನ್ 14, ರಾತ್ರಿ 10:52

ಫಾರ್ಮ್ಯಾಟ್ ಒತ್ತಬೇಡಿ ಮಾರಾಯ್ರೆ! ಮೊದಲು ಆ ಫ್ಲಾಪಿ ಹೊರಗೆ ತೆಗೆಯಿರಿ, ಆಮೇಲೆ ಇದನ್ನು ಓದಿ.

ಮಾಮೂಲಿ 1.44 ಎಂಬಿ ಫ್ಲಾಪಿಯಲ್ಲಿ ಒಂದು ಬದಿಗೆ 80 ಟ್ರ್ಯಾಕ್ (ಉರುಟು ಗೆರೆ), ಟ್ರ್ಯಾಕಿಗೆ 18 ಸೆಕ್ಟರ್ (ತುಂಡು), ಸೆಕ್ಟರಿಗೆ 512 ಬೈಟ್. ಎರಡು ಬದಿ ಸೇರಿ 14,74,560 ಬೈಟ್. ವಿಂಡೋಸ್ 95 ಬರುವಾಗ ಫ್ಲಾಪಿಗಳ ಲೆಕ್ಕ ಕಡಿಮೆ ಮಾಡಲು ಮೈಕ್ರೋಸಾಫ್ಟಿನವರು ಅದೇ ಟ್ರ್ಯಾಕಿಗೆ 21 ಸೆಕ್ಟರ್ ತುರುಕಿದರು. ಹಾಗೆ 1.68 ಎಂಬಿ ಆಯಿತು. ಡಿಎಂಎಫ್ ಅಂತ ಅದಕ್ಕೆ ಹೆಸರು. ಒಂದನೇ ಫ್ಲಾಪಿ ಮಾತ್ರ ಮಾಮೂಲಿ, ಉಳಿದ 12 ಈ ಜಾತಿಯವು. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂತಿತು ಅಲ್ವಾ?

ಯುಎಸ್‌ಬಿ ಫ್ಲಾಪಿ ಡ್ರೈವಿನ ಒಳಗಿನ ಚಿಪ್ಪಿಗೆ ಗೊತ್ತಿರುವುದು 720 ಕೆಬಿ, 1.44 ಎಂಬಿ ಅಂತ ಎರಡು ಮೂರು ಅಳತೆ ಮಾತ್ರ. 21 ಸೆಕ್ಟರ್ ಕಂಡರೆ ಅದಕ್ಕೆ ಮಂಡೆ ಬಿಸಿ. ಲ್ಯಾಪ್‌ಟಾಪಿನ ಸ್ವಂತ ಡ್ರೈವ್ ಹಾಗಲ್ಲ, ಅದು ನೇರ ಬೋರ್ಡಿನ ಕಂಟ್ರೋಲರಿಗೆ ಸೇರಿದ್ದು. ಡಾಸ್ 6.22ರ ಒಂದನೇ ಫ್ಲಾಪಿಯಿಂದ ಯಂತ್ರ ಶುರು (ಬೂಟ್) ಮಾಡಿ, ಸೆಟಪ್ಪಿನಿಂದ ಹೊರಗೆ ಬಂದು, 95ರ ಎರಡನೇ ಫ್ಲಾಪಿ ಅಲ್ಲೇ ಹಾಕಿ ನೋಡಿ. ಹಾಕುವ ಮೊದಲು ಎಲ್ಲದರ ಮೂಲೆಯ ಬೀಗ ಸರಿಸಿ. ತೂತು ತೆರೆದಿದ್ದರೆ ಬರೆಯಲು ಬರುವುದಿಲ್ಲ, ನಮಗೆ ಬೇಕಾದ್ದು ಅದೇ.

ಇನ್ನೊಂದು. ಟಕ್ ಟಕ್ ಅನ್ನುವ ಹಾರ್ಡ್ ಡಿಸ್ಕನ್ನು ಇನ್ನು ಓಡಿಸಬೇಡಿ. ಬಿಚ್ಚಿ ತೆಗೆದಿಡಿ. ಅದರಲ್ಲಿ ದೊಡ್ಡಪ್ಪನ ಫೈಲ್ ಇದ್ದರೆ ಮೊದಲು ಅದು, ವಿಂಡೋಸ್ ಆಮೇಲೆ.

ನೀಲಿತೆರೆ
ಜೂನ್ 14, ರಾತ್ರಿ 11:30

ಸುಮ್ನೆ ಇಷ್ಟೆಲ್ಲ ಯಾಕೆ? ಡಾಸ್‌ಬಾಕ್ಸ್ (ಹಳೆ ಕಂಪ್ಯೂಟರಿನ ವೇಷ ಹಾಕುವ ಪ್ರೋಗ್ರಾಮ್) ಹಾಕಿದರೆ ಮೊಬೈಲಿನಲ್ಲೇ ಓಡುತ್ತದೆ. 8 ಎಂಬಿ ರ‍್ಯಾಮಿಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ನನಗಂತೂ ಅರ್ಥ ಆಗಲಿಲ್ಲ.

ಬಂದರ್ ರಿಪೇರಿ, ಮಂಗಳೂರು
ಜೂನ್ 14, ರಾತ್ರಿ 11:34

ಮೀನು ಹಿಡಿಯಲು ಹೋಗುವವನಿಗೆ ಮಾರ್ಕೆಟಿನಲ್ಲಿ ಬಂಗುಡೆ ಸಿಗುತ್ತದೆ ಅಂತ ಹೇಳಿದ ಹಾಗಾಯಿತು ನಿಮ್ಮದು.

ಅಟ್ಟದಿಲಿ, ಕಟಪಾಡಿ
ಜೂನ್ 15, ಸಂಜೆ 6:15

ಬಂದರ್ ಅಣ್ಣ, ಫಾರ್ಮ್ಯಾಟ್ ಒತ್ತಲಿಲ್ಲ. ಬದುಕಿದೆ.

ಆದರೆ ಹೊಸ ತಲೆನೋವು. ಲ್ಯಾಪ್‌ಟಾಪಿನ ಡ್ರೈವಿಗೆ ಡಾಸ್ ಫ್ಲಾಪಿ ಹಾಕಿದರೆ ದೀಪ ಹತ್ತುತ್ತದೆ, ಗುಂಯ್ ಅಂತ ಮೋಟಾರ್ ಶಬ್ದ ಬರುತ್ತದೆ, ಆದರೆ ಓದುವುದಿಲ್ಲ. ಕಿವಿ ಇಟ್ಟು ಕೇಳಿದೆ. ಫ್ಲಾಪಿ ತಿರುಗುವ ಸರ್ ಸರ್ ಇಲ್ಲವೇ ಇಲ್ಲ. ಫ್ಲಾಪಿ ಕೆಟ್ಟಿದ್ದಾ, ಡ್ರೈವ್ ಕೆಟ್ಟಿದ್ದಾ?

ಬಂದರ್ ರಿಪೇರಿ, ಮಂಗಳೂರು
ಜೂನ್ 15, ಸಂಜೆ 7:02

ಮೋಟಾರ್ ಓಡುತ್ತದೆ, ತಟ್ಟೆ ತಿರುಗುವುದಿಲ್ಲ ಅಂದರೆ ಬೆಲ್ಟ್. ಡೆಸ್ಕ್‌ಟಾಪಿನ ಫ್ಲಾಪಿ ಡ್ರೈವಿನಲ್ಲಿ ಮೋಟಾರಿನ ಮೇಲೆಯೇ ಫ್ಲಾಪಿ ಕೂರುತ್ತದೆ. ಲ್ಯಾಪ್‌ಟಾಪಿನ ತೆಳು ಡ್ರೈವುಗಳಲ್ಲಿ ಕೆಲವಕ್ಕೆ ಬದಿಯಲ್ಲಿ ಸಣ್ಣ ಮೋಟಾರ್, ನಡುವೆ ಚಪ್ಪಟೆ ರಬ್ಬರ್ ಬೆಲ್ಟ್. ಇಷ್ಟು ವರ್ಷಕ್ಕೆ ಅದು ಒಂದೋ ಸಡಿಲ ಆಗಿರುತ್ತದೆ, ಇಲ್ಲವೇ ಕರಗಿ ಹಲಸಿನ ಮೇಣ ಆಗಿರುತ್ತದೆ. ಮೇಣ ಆಗಿದ್ದರೆ ಕೈಗೆ ಎಣ್ಣೆ ಹಚ್ಚಿಕೊಂಡು ಬಿಚ್ಚಿ, ತಮಾಷೆ ಅಲ್ಲ. ಆಮೇಲೆ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಎಣ್ಣೆಪಸೆ ಒಂದಿಷ್ಟೂ ಉಳಿಯಬಾರದು.

ಹೊಸ ಬೆಲ್ಟ್ ಬೇಕಾದರೆ ಹಳೆ ಟೇಪ್ ರೆಕಾರ್ಡರ್ ರಿಪೇರಿ ಮಾಡುವವರ ಹತ್ತಿರ ಕೇಳಿ. ಉಡುಪಿಯಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು.

ಮಣಿಪಾಲ ಮಳೆ
ಜೂನ್ 15, ರಾತ್ರಿ 9:40

ಬಿಚ್ಚುವುದೇ ಆದರೆ ಒಂದೇ ಸಲ ಎಲ್ಲ ಕೆಲಸ ಮುಗಿಸಿ. ಹಳೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಎರಡನೇ ಸಲ ಬಿಚ್ಚುವ ಯೋಗ ಇರುವುದಿಲ್ಲ.

ಹಾರ್ಡ್ ಡಿಸ್ಕ್ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ. ಹಳೆ ಕ್ಯಾಮೆರಾಗಳಲ್ಲಿ ಇರುತ್ತಿದ್ದ ದಪ್ಪ ಕಾರ್ಡ್. ಅದು ಒಳಗಿನಿಂದ ಹಳೆ ಹಾರ್ಡ್ ಡಿಸ್ಕಿನ ಐಡಿಇ ಭಾಷೆಯನ್ನೇ ಮಾತಾಡುತ್ತದೆ, ಹಾಗಾಗಿ ಅಡಾಪ್ಟರ್ ಅಂದರೆ ಬರೀ ತಂತಿ, 44 ಪಿನ್ನಿನ ಒಂದು ಸಣ್ಣ ಬೋರ್ಡ್ ಅಷ್ಟೇ. ಶಬ್ದ ಇಲ್ಲ, ಬಿಸಿ ಇಲ್ಲ. 4 ಜಿಬಿ ಕಾರ್ಡ್ ಹಾಕಿದರೂ ನಿಮ್ಮ ಬಯೋಸ್ (ಯಂತ್ರವನ್ನು ಶುರು ಮಾಡುವ ಒಳಗಿನ ಪ್ರೋಗ್ರಾಮ್) 504 ಎಂಬಿ ಮಾತ್ರ ನೋಡಬಹುದು. 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಅದಕ್ಕಿಂತ ಮೇಲೆ ಎಣಿಸಲು ಅದಕ್ಕೆ ಬರುವುದಿಲ್ಲ. ಬೇಜಾರಿಲ್ಲ, ವಿಂಡೋಸ್ 95ಕ್ಕೆ ಅಷ್ಟು ಧಾರಾಳ.

ಸಿಮೋಸ್ ಬ್ಯಾಟರಿಯನ್ನೂ (ಗಡಿಯಾರ, ಸೆಟ್ಟಿಂಗ್ ಕಾಯುವ ಸಣ್ಣ ಬ್ಯಾಟರಿ) ನೋಡಿ. ಸೋರಿದ್ದರೆ ಬೋರ್ಡಿನ ತಾಮ್ರ ತಿಂದಿರುತ್ತದೆ.

ಕಾಪು ಬೀಚ್
ಜೂನ್ 16, ಬೆಳಗ್ಗೆ 8:10

ಫ್ಲಾಪಿಯ ಶಟರ್ ಸರಿಸಿ ಒಳಗಿನ ತಟ್ಟೆಯನ್ನೂ ಒಮ್ಮೆ ನೋಡಿ ಅಟ್ಟದಿಲಿ. ನಮ್ಮ ಕರಾವಳಿಯಲ್ಲಿ ಫ್ಲಾಪಿಯನ್ನು ಕೊಲ್ಲುವುದು ವಯಸ್ಸಲ್ಲ, ಬೂಷ್ಟು. ನಮ್ಮ ಮನೆಯಲ್ಲಿದ್ದ ಒಂದು ರಾಶಿ ಫ್ಲಾಪಿಯಲ್ಲಿ ಅರ್ಧಕ್ಕರ್ಧ ಬಿಳಿ ಚುಕ್ಕಿ. ಗೊತ್ತಾಗದೆ ಒಂದನ್ನು ಡ್ರೈವಿಗೆ ಹಾಕಿದೆ. ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೆ ಫ್ಲಾಪಿಗಳನ್ನೂ ಗೀರಿ ಹಾಕಿತು. ಮೂರು ಹೋದ ಮೇಲೆ ನನಗೆ ಬುದ್ಧಿ ಬಂತು.

ಅಟ್ಟದಿಲಿ, ಕಟಪಾಡಿ
ಜೂನ್ 19, ರಾತ್ರಿ 11:05

ಮೂರು ದಿನ ಆಯಿತು ಬರೆಯದೆ. ಒಂದು ದಿನ ಪೂರ್ತಿ ಕರೆಂಟ್ ಇರಲಿಲ್ಲ, ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದಿತ್ತು.

ಲ್ಯಾಪ್‌ಟಾಪ್ ಬಿಚ್ಚಿದೆ. 11 ಸ್ಕ್ರೂ. ಮಳೆ ಅಕ್ಕ ಹೇಳಿದ್ದು ನಿಜ, ಸ್ಕ್ರೀನಿನ ಬುಡದ ಒಂದು ಕೊಕ್ಕೆ ಕೈಯಲ್ಲೇ ಟಪ್ ಅಂತ ಮುರಿಯಿತು. ಇನ್ನೊಮ್ಮೆ ಬಿಚ್ಚುವುದಿಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ. ಬ್ಯಾಟರಿ ಸೋರಿಲ್ಲ, ಪುಣ್ಯ.

ಬೆಲ್ಟ್ ಕರಗಿಲ್ಲ, ಸಡಿಲ ಆಗಿತ್ತು. ಬೆರಳಲ್ಲಿ ಎತ್ತಿದರೆ ಸೋತ ಪಾವಡೆ ಲಾಡಿಯ ಹಾಗೆ ಜೋತು ಬಿತ್ತು. ಅದನ್ನು ಕಿಸೆಯಲ್ಲಿ ಹಾಕಿಕೊಂಡು ಉಡುಪಿಗೆ ಹೋದೆ. ರಥಬೀದಿಯ ಹಿಂದಿನ ಓಣಿಯಲ್ಲಿ ಒಬ್ಬರು ವಯಸ್ಸಾದವರು ಈಗಲೂ ರೇಡಿಯೋ, ಟೇಪ್ ರಿಪೇರಿ ಮಾಡುತ್ತಾರೆ. ನನ್ನ ಬೆಲ್ಟನ್ನು ಮೇಜಿನ ಮೇಲೆ ಉರುಟಾಗಿ ಇಟ್ಟರು. ಒಂದು ಬೆಂಕಿಪೆಟ್ಟಿಗೆ ತುಂಬ ಬೆಲ್ಟ್ ಸುರಿದರು. ಒಂದೊಂದನ್ನೇ ಅದರ ಮೇಲಿಟ್ಟು ನೋಡಿ, ಒಂದು ಕೂದಲೆಳೆ ಸಣ್ಣದನ್ನು ಆರಿಸಿ ಕೊಟ್ಟರು. "ಹೊಸದು ಸಣ್ಣ ಇರಬೇಕು, ಎಳೆದು ಕೂರಬೇಕು" ಅಂದರು. ಎಂತಕ್ಕೆ ಅಂತ ಕೇಳಲೇ ಇಲ್ಲ. ಫ್ಲಾಪಿಗೆ ಅಂತ ನಾನೇ ಹೇಳಿದೆ. "ಅದೂ ಟೇಪೇ ಅಲ್ವಾ, ಉರುಟು ಟೇಪು" ಅಂದರು.

ಈಗ ಸರ್ ಸರ್ ಅನ್ನುತ್ತದೆ. ಡಾಸ್ ಬಂತು!

ಹಳೆ ಹಾರ್ಡ್ ಡಿಸ್ಕನ್ನು ಅಡಾಪ್ಟರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಎರಡು ಸಲ ಬರಲಿಲ್ಲ. ಮೂರನೇ ಸಲ ಐದು ನಿಮಿಷ ಬಂತು. ಲೆಕ್ಕ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಫೋಲ್ಡರ್ ಪೂರ್ತಿ ಸಿಕ್ಕಿತು, ವಿಂಡೋಸ್ ಫೋಲ್ಡರ್ ಅರ್ಧ ಆಗುವಾಗ ಮತ್ತೆ ಟಕ್ ಟಕ್. ಆಮೇಲೆ ಏಳಲಿಲ್ಲ. ಲೆಕ್ಕದ ಫೈಲುಗಳ ಬಾಲ ಡಬ್ಲ್ಯುಕೆ1 ಅಂತ ಉಂಟು.

ಸುರತ್ಕಲ್ ಹಳಬ
ಜೂನ್ 20, ಬೆಳಗ್ಗೆ 6:45

ಡಬ್ಲ್ಯುಕೆ1 ಅಂದರೆ ಲೋಟಸ್ 1-2-3, ಆ ಕಾಲದ ಲೆಕ್ಕಪಟ್ಟಿಯ ಪ್ರೋಗ್ರಾಮ್. ಲಿಬ್ರೆ ಆಫೀಸಿನಲ್ಲಿ ತೆರೆಯುತ್ತದೆ, ನೋಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಡಬ್ಬಿಯಲ್ಲಿ ಕೈಬರಹದ ಚೀಟಿ ಅಂಟಿಸಿದ ಫ್ಲಾಪಿ ಇದ್ದರೆ ಅದನ್ನು ಒಳಗೆ ಬಿಟ್ಟು ಯಂತ್ರ ಆನ್ ಮಾಡಬೇಡಿ. ನಮ್ಮ ಕಾಲದ ವೈರಸ್ಸುಗಳು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ (ಶುರುವಾಗುವಾಗ ಯಂತ್ರ ಮೊದಲು ಓದುವ ಜಾಗ) ಕೂತಿರುತ್ತಿದ್ದವು. ಜೋಶಿ ಅಂತ ಒಂದಿತ್ತು, 1990ರಲ್ಲಿ ನಮ್ಮ ದೇಶದಲ್ಲೇ ಮೊದಲು ಕಂಡದ್ದು. ಜನವರಿ 5ಕ್ಕೆ ಪರದೆಯ ಮೇಲೆ ಬಂದು ಕೂರುತ್ತಿತ್ತು. 'ಹ್ಯಾಪಿ ಬರ್ತ್‌ಡೇ ಜೋಶಿ' ಅಂತ ಟೈಪ್ ಮಾಡುವ ತನಕ ಯಂತ್ರ ಬಿಡುವುದಿಲ್ಲ. ನಾನು ಕಲಿತ ಕಡೆ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಿದ್ದರು, ಧೂಳು ಬರಬಾರದು ಅಂತ. ಫ್ಲಾಪಿ ಮಾತ್ರ ಎಲ್ಲರ ಕಿಸೆಯಲ್ಲೂ ಒಳಗೆ ಹೋಗುತ್ತಿತ್ತು. ಒಂದು ಜನವರಿಯಲ್ಲಿ ಸಾಲಾಗಿ ಎಂಟು ಯಂತ್ರಕ್ಕೆ ಜೋಶಿಯ ಹುಟ್ಟುಹಬ್ಬ ಮಾಡಿದ್ದೇವೆ.

ಬಂದರ್ ರಿಪೇರಿ, ಮಂಗಳೂರು
ಜೂನ್ 20, ಬೆಳಗ್ಗೆ 9:20

ಹಳಬರೇ, ಮಂಕಿ ವೈರಸ್ ನೆನಪುಂಟಾ? ಅದು ಪಾರ್ಟಿಷನ್ ಪಟ್ಟಿಯನ್ನೇ (ಡಿಸ್ಕಿನ ಯಾವ ಭಾಗ ಎಲ್ಲಿ ಅನ್ನುವ ಪಟ್ಟಿ) ಮರೆಮಾಚುತ್ತಿತ್ತು. ಎಲ್ಲಕ್ಕೂ ಒಂದೇ ಮದ್ದು ಅಂತ ಎಫ್‌ಡಿಸ್ಕ್ ಎಂಬಿಆರ್ (ಡಿಸ್ಕಿನ ಮೊದಲ ಸೆಕ್ಟರಿನ ಬೂಟ್ ಕೋಡನ್ನು ಹೊಸದಾಗಿ ಬರೆಯುವ ಡಾಸ್ ಆಜ್ಞೆ) ಹೊಡೆದರೆ ಮುಗಿಯಿತು, ಸಿ ಡ್ರೈವ್ ಮಾಯ. ಒಬ್ಬ ಅಡಿಕೆ ವ್ಯಾಪಾರಿಯ ಒಂದು ವರ್ಷದ ಲೆಕ್ಕ ನಾನು ಹಾಗೆ ಕಳೆದಿದ್ದೇನೆ. ಆಮೇಲೆ ಆರು ತಿಂಗಳು ಆ ಬೀದಿಯಲ್ಲಿ ನಡೆಯಲಿಲ್ಲ.

ಅಟ್ಟದಿಲಿ, ನಿಮ್ಮದು ಹೊಸ ಕಾರ್ಡ್, ಅದರಲ್ಲಿ ಕಳೆಯುವುದು ಏನೂ ಇಲ್ಲ. ಹಾಗಾಗಿ ನೀವು ಧೈರ್ಯವಾಗಿ ಹೊಡೆಯಿರಿ, ಹೊಡೆಯಲೇಬೇಕು ಕೂಡ. ಕ್ಯಾಮೆರಾ ಕಾರ್ಡುಗಳಲ್ಲಿ ಬೂಟ್ ಮಾಡುವ ಆ ಸಣ್ಣ ಕೋಡ್ ಹೆಚ್ಚಾಗಿ ಇರುವುದಿಲ್ಲ. ಮೊದಲು ಎಫ್‌ಡಿಸ್ಕಿನಲ್ಲಿ ಪಾರ್ಟಿಷನ್ ಮಾಡಿ, ಆ್ಯಕ್ಟಿವ್ ಮಾಡಿ. ಯಂತ್ರ ಮತ್ತೆ ಶುರು ಮಾಡಿ. ಆಮೇಲೆ ಎಫ್‌ಡಿಸ್ಕ್ ಎಂಬಿಆರ್. ಆಮೇಲೆ ಫಾರ್ಮ್ಯಾಟ್, ಡಾಸ್ ಕೂಡ ಕೂರಲು ಎಸ್ ಸೇರಿಸಿ.

ನೀಲಿತೆರೆ
ಜೂನ್ 20, ಮಧ್ಯಾಹ್ನ 1:15

ಕಾರ್ಡ್ ಅಂತ ಆದ ಮೇಲೆ ಫ್ಲಾಪಿ ಯಾಕೆ? ಕಾರ್ಡ್ ರೀಡರಿನಲ್ಲಿ ಎಲ್ಲ ಕಾಪಿ ಮಾಡಿ ಒಳಗೆ ಸಿಕ್ಕಿಸಿದರೆ ಮುಗಿಯಿತಲ್ಲ. ಒಂದು ಗಂಟೆಯ ಕೆಲಸ.

ಮಣಿಪಾಲ ಮಳೆ
ಜೂನ್ 20, ಮಧ್ಯಾಹ್ನ 2:00

ಅರ್ಧ ಸರಿ. ಈಗಿನ ಕಂಪ್ಯೂಟರಿನಲ್ಲಿ ಪಾರ್ಟಿಷನ್ ಮಾಡಿದರೆ ಸಿಲಿಂಡರ್, ಹೆಡ್ಡಿನ ಲೆಕ್ಕ ಹಳೆ ಬಯೋಸಿನ ಲೆಕ್ಕಕ್ಕೆ ತಾಳೆ ಆಗದೆ ಬೂಟ್ ಆಗದಿರಬಹುದು. ಪಾರ್ಟಿಷನ್, ಫಾರ್ಮ್ಯಾಟ್ ಎರಡನ್ನೂ ಆ ಲ್ಯಾಪ್‌ಟಾಪಿನಲ್ಲೇ ಮಾಡಬೇಕು. ಅದಕ್ಕೆ ಒಂದು ಡಾಸ್ ಫ್ಲಾಪಿ ಬೇಕೇ ಬೇಕು. ಆಮೇಲೆ ಕಾರ್ಡ್ ಹೊರಗೆ ತೆಗೆದು ಫೈಲ್ ಸುರಿಯಬಹುದು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಹಠಕ್ಕೆ ಫ್ಲಾಪಿ ಹಿಡಿದು ಕೂರುವ ಕಾಲ ನನ್ನದು ಮುಗಿದಿದೆ.

ಕಾಲೇಜಿನಲ್ಲಿದ್ದಾಗ ಸ್ಲ್ಯಾಕ್‌ವೇರ್ ಲಿನಕ್ಸನ್ನು ಫ್ಲಾಪಿಯಲ್ಲಿ ಹಾಕಿದವಳು ನಾನು. ಬೂಟ್ ಒಂದು, ರೂಟ್ ಒಂದು, ಆಮೇಲೆ ಎ ಸಾಲು, ಎಪಿ ಸಾಲು, ಎನ್ ಸಾಲು. ರಾತ್ರಿಯಿಡೀ ಲ್ಯಾಬಿನಲ್ಲಿ ಬರೆದುಕೊಂಡು, ಬೆಳಗ್ಗೆ ಹಾಸ್ಟೆಲಿಗೆ ಬಂದು ಹಾಕುತ್ತಾ ಕೂತರೆ ಎನ್ ಸಾಲಿನ ಮೂರನೆಯದರಲ್ಲಿ ಕರ್ ಕರ್ ಅಂತ ನಿಲ್ಲುವುದು. ಮತ್ತೆ ಛತ್ರಿ ಹಿಡಿದು ಲ್ಯಾಬಿಗೆ. ಮಣಿಪಾಲದ ಜುಲೈ ಮಳೆಯಲ್ಲಿ ಛತ್ರಿಯಿಂದ ಫ್ಲಾಪಿ ಒದ್ದೆಯಾಗದೆ ಉಳಿಯುತ್ತದೆ ಅಂತ ನಂಬಿದ ವಯಸ್ಸು ಅದು.

ಅಟ್ಟದಿಲಿ, ಕಟಪಾಡಿ
ಜೂನ್ 21, ರಾತ್ರಿ 10:30

ಅಕ್ಕ, ನಿಮ್ಮ ಮಾತು ಓದುವ ಮೊದಲೇ ಎಲ್ಲ ಮುಚ್ಚಿ 11 ಸ್ಕ್ರೂ ಹಾಕಿದ್ದೆ. ಕಾರ್ಡ್ ಒಳಗೆ ಉಂಟು. ತೆಗೆಯಬೇಕಾದರೆ ಇನ್ನೊಂದು ಕೊಕ್ಕೆ ಹೋಗುತ್ತದೆ. ಹಾಗಾಗಿ ಫ್ಲಾಪಿಯೇ ಗತಿ. ಹಠವೂ ಸ್ವಲ್ಪ ಉಂಟು, ಸುಳ್ಳು ಯಾಕೆ ಹೇಳಲಿ.

ಬಯೋಸಿನಲ್ಲಿ ಆಟೋ ಕೊಟ್ಟೆ, 504 ಎಂಬಿ ತೋರಿಸಿತು. ಬಂದರ್ ಅಣ್ಣ ಹೇಳಿದ ಹಾಗೆ ಮಾಡಿದೆ. ಫ್ಲಾಪಿ ಇಲ್ಲದೆ ಸಿ ಅಂತ ಬಂತು.

95ರ ಫ್ಲಾಪಿಗಳ ಶಟರ್ ಸರಿಸಿ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. 4, 9, 11ರಲ್ಲಿ ಬಿಳಿ ಬೂಷ್ಟು. 9ರಲ್ಲಂತೂ ಪತ್ರೊಡೆ ಎಲೆಯ ನರದ ಹಾಗೆ ಹಬ್ಬಿದೆ. ಉಳಿದವು ಫಳಫಳ. 2ನ್ನು ಹಾಕಿದೆ. ಓದಿತು!! ಸೆಟಪ್ ಶುರು ಮಾಡಲಾ?

ಬಂದರ್ ರಿಪೇರಿ, ಮಂಗಳೂರು
ಜೂನ್ 21, ರಾತ್ರಿ 10:41

ಬೇಡ!

ಫ್ಲಾಪಿಯಿಂದ ನೇರ ಸೆಟಪ್ ಮಾಡುವವ 3 ಗಂಟೆ ಕೂತು 9ನೆಯದರಲ್ಲಿ ಸಿಕ್ಕಿಬೀಳುತ್ತಾನೆ. ಆಗ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಾನು ಇಷ್ಟು ವರ್ಷದ ರಿಪೇರಿಯಲ್ಲಿ ಕಲಿತದ್ದು ಇಷ್ಟೇ: ಫ್ಲಾಪಿ ಅಂದರೆ ಸಾಮಾನು ಹೊರುವ ಕೂಲಿ, ಅವನ ಬೆನ್ನ ಮೇಲೆ ಮನೆ ಕಟ್ಟಬಾರದು. ಎಲ್ಲವನ್ನೂ ಮೊದಲು ಕಾರ್ಡಿಗೆ ಇಳಿಸಿಕೊಳ್ಳಿ. ಸಿ ಒಳಗೆ ವಿನ್95 ಅಂತ ಒಂದು ಡೈರೆಕ್ಟರಿ ಮಾಡಿ. ಒಂದೊಂದು ಫ್ಲಾಪಿ ಹಾಕಿ ಇದ್ದದ್ದನ್ನೆಲ್ಲ ಅಲ್ಲಿಗೆ ಕಾಪಿ ಮಾಡಿ. ಒಳಗೆ ಇರುವುದು ಕ್ಯಾಬ್ ಅನ್ನುವ ಗಂಟುಗಳು, ಹೆಚ್ಚಿನ ಫ್ಲಾಪಿಗಳಲ್ಲಿ ಒಂದೇ ದೊಡ್ಡ ಗಂಟು. ಹತ್ತೂ ಬರಲಿ. ಬೂಷ್ಟು ಬಂದ ಮೂರನ್ನು ಆ ಡ್ರೈವಿನ ಹತ್ತಿರ ತರಲೇಬೇಡಿ.

ಆ ಮೂರರ ಕ್ಯಾಬ್ ನನ್ನ ಸೆಟ್ಟಿನಿಂದ ಕೊಡುತ್ತೇನೆ. ನನ್ನದೂ ಅದೇ 13ರ ಸೆಟ್, ಗಾಜಿನ ಭರಣಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟದ್ದು. ಇಲ್ಲಿ ನಿಜವಾದ ಫ್ಲಾಪಿ ಕೇಬಲ್ ಇರುವ ಒಂದು ಹಳೆ ಪೆಂಟಿಯಂ ಕಂಪ್ಯೂಟರ್ ಇನ್ನೂ ಬದುಕಿದೆ, ಅದರಲ್ಲಿ ಓದಿ ಮೇಲ್ ಮಾಡುತ್ತೇನೆ.

ಅಟ್ಟದಿಲಿ, ಕಟಪಾಡಿ
ಜೂನ್ 21, ರಾತ್ರಿ 10:58

ಅಣ್ಣ, ನೀವು ಮೇಲ್ ಮಾಡಿದರೂ ಕ್ಯಾಬ್ ಒಂದೊಂದು 1.7 ಎಂಬಿ ಹತ್ತಿರ ಅಲ್ವಾ? ನನ್ನ ಯುಎಸ್‌ಬಿ ಡ್ರೈವ್ ಬರೆಯುವುದು 1.44. ಹಿಡಿಸುವುದಿಲ್ಲ. ಮತ್ತೆ ನನ್ನ ಹತ್ತಿರ ಖಾಲಿ ಫ್ಲಾಪಿ ಒಳ್ಳೆಯದು ಇರುವುದು ಎರಡೇ. ಈಗ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಸೋನಿಯವರೇ 2011ರಲ್ಲಿ ಜಪಾನಿನಲ್ಲಿ ಮಾರಾಟ ನಿಲ್ಲಿಸಿದರಂತೆ.

ಬಂದರ್ ರಿಪೇರಿ, ಮಂಗಳೂರು
ಜೂನ್ 21, ರಾತ್ರಿ 11:20

ಎರಡು ಸಾಕು. ಒಂದೇ ಇದ್ದರೂ ನಡೆಯುತ್ತಿತ್ತು.

ಎಆರ್‌ಜೆ ನೆನಪುಂಟಾ ಯಾರಿಗಾದರೂ? ದೊಡ್ಡ ಫೈಲನ್ನು ಫ್ಲಾಪಿ ಅಳತೆಗೆ ತುಂಡು ಮಾಡುವ ಡಾಸ್ ಪ್ರೋಗ್ರಾಮ್. ನಾನು ಮೂರು ಕ್ಯಾಬನ್ನು ಒಟ್ಟಿಗೆ 1440 ಕೆಬಿಯ ತುಂಡು ಮಾಡಿ ಕಳಿಸುತ್ತೇನೆ. 5 ಎಂಬಿ ಅಂದರೆ 4 ತುಂಡು. ನೀವು ಮೊದಲ ತುಂಡನ್ನು ಫ್ಲಾಪಿಗೆ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿ, ಅದೇ ಫ್ಲಾಪಿ ಅಳಿಸಿ ಮೂರನೆಯದನ್ನು ಹಾಕಿ. ಎರಡು ಫ್ಲಾಪಿ ಎರಡು ಬಿಂದಿಗೆ ಇದ್ದ ಹಾಗೆ, ಒಂದು ತುಂಬುವಾಗ ಇನ್ನೊಂದು ಸುರಿಯುತ್ತದೆ. ನಾಲ್ಕೂ ಇಳಿದ ಮೇಲೆ ಅಲ್ಲೇ ಬಿಚ್ಚಿ. ಇದರ ಲಾಭ ಎಂತ ಅಂದರೆ ಒಂದೊಂದು ತುಂಡಿಗೂ ಸಿಆರ್‌ಸಿ ಅಂತ ತಪ್ಪು ಹಿಡಿಯುವ ಲೆಕ್ಕ ಇರುತ್ತದೆ. ಎರಡನೆಯದು ಕೆಟ್ಟಿದೆ ಅಂತ ಹೇಳಿದರೆ ಎರಡನೆಯದನ್ನು ಮಾತ್ರ ಮತ್ತೆ ಹೊತ್ತು ತಂದರೆ ಆಯಿತು.

ಒಂದು ಕಿವಿಮಾತು. ಹಳೆ ಡ್ರೈವಿನ ಹೆಡ್ ಕೂದಲೆಳೆ ಅತ್ತಿತ್ತ ಸರಿದಿರಬಹುದು. ಹಾಗಾದರೆ ಹೊಸ ಡ್ರೈವ್ ಬರೆದ ಗೆರೆ ಹಳೆಯದಕ್ಕೆ ಕಾಣುವುದು ಕಷ್ಟ.

ಕಾಪು ಬೀಚ್
ಜೂನ್ 22, ಬೆಳಗ್ಗೆ 7:50

ಎಷ್ಟು ಹೊತ್ತು ಹಿಡಿಯುತ್ತದೆ ಇದೆಲ್ಲ?

ಸುರತ್ಕಲ್ ಹಳಬ
ಜೂನ್ 22, ಬೆಳಗ್ಗೆ 8:15

ಲೆಕ್ಕ ಸುಲಭ. ಫ್ಲಾಪಿ ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 5. ಒಂದು ಸುತ್ತಿಗೆ ಒಂದು ಬದಿಯ ಒಂದು ಟ್ರ್ಯಾಕ್, 9 ಕೆಬಿ. ಅಂದರೆ ಎಷ್ಟು ಚೆನ್ನಾಗಿ ಓದಿದರೂ ಸೆಕೆಂಡಿಗೆ 45 ಕೆಬಿ, ಫ್ಲಾಪಿಗೆ ಅರ್ಧ ನಿಮಿಷ. ನಿಜದಲ್ಲಿ ಅದರ ಎರಡರಷ್ಟು ಅಂತ ಇಟ್ಟುಕೊಳ್ಳಿ. ಒಂದು ಪ್ಲೇಟ್ ಗೋಳಿಬಜೆ ಮುಗಿಯುವಷ್ಟರಲ್ಲಿ ಹತ್ತೂ ಇಳಿಯುವುದಿಲ್ಲ, ಎರಡು ಪ್ಲೇಟ್ ಬೇಕು.

ಅಟ್ಟದಿಲಿ, ಕಟಪಾಡಿ
ಜೂನ್ 24, ರಾತ್ರಿ 12:40

ಹತ್ತೂ ಇಳಿಯಿತು. 7ನೆಯದು ಒಮ್ಮೆ ಕರ್ ಕರ್ ಅಂತ ಹೆದರಿಸಿತು. ರಿಟ್ರೈ ಒತ್ತಿದೆ, ಮೂರನೇ ಸಲ ದಾಟಿತು. ಬಂದರ್ ಅಣ್ಣನ ನಾಲ್ಕು ತುಂಡೂ ಬಂತು. ಎರಡನೇ ತುಂಡಿಗೆ ಸಿಆರ್‌ಸಿ ತಪ್ಪು ಅಂತ ಹೇಳಿತು, ಮತ್ತೆ ಹೊತ್ತು ತಂದೆ, ಸರಿ ಆಯಿತು.

ಸಿ ಡ್ರೈವಿನಿಂದ ಸೆಟಪ್ ಶುರು ಮಾಡಿದೆ. ಸ್ಮಾರ್ಟ್ ಡ್ರೈವ್ (ಡಿಸ್ಕಿನ ಕೆಲಸ ಚುರುಕು ಮಾಡುವ ಡಾಸ್ ಪ್ರೋಗ್ರಾಮ್) ಹಾಕಿಕೊಂಡೇ ಮಾಡಿದೆ. ಬೂದು ಬಣ್ಣದ ಪರದೆ ಬಂತು. ಲೈಸೆನ್ಸ್ ಒಪ್ಪಿದೆ. ಆಮೇಲೆ ಹಳೆ ವಿಂಡೋಸ್ ಎಲ್ಲಿ ಅಂತ ಕೇಳುತ್ತಿದೆ!! ಹಳೆ ವಿಂಡೋಸ್ ಟಕ್ ಟಕ್ ಜೊತೆ ಹೋಯಿತಲ್ಲ. ಸಾವು ಮಾರಾಯ್ರೆ. ಈಗ ಎಂತ?

ಮಣಿಪಾಲ ಮಳೆ
ಜೂನ್ 24, ರಾತ್ರಿ 12:55

ಅಪ್‌ಗ್ರೇಡ್ ಸೆಟ್ ಅಲ್ವಾ, ಅದಕ್ಕೆ. ನೀವು ವಿಂಡೋಸ್ 3.1 ತೆಗೆದುಕೊಂಡವರು ಅಂತ ಸಾಕ್ಷಿ ಬೇಕು. 3.1ರ ಒಂದನೇ ಫ್ಲಾಪಿ ತೋರಿಸಿದರೆ ಸಾಕು, ಪೂರ್ತಿ ಹಾಕಬೇಕಾಗಿಲ್ಲ. ಹಪ್ಪಳದ ಡಬ್ಬಿಯಲ್ಲಿ 'ಇನ್ನೂ ಏನೇನೋ' ಉಂಟು ಅಂದಿರಲ್ಲ ಮೊದಲ ದಿನ?

ಅಟ್ಟದಿಲಿ, ಕಟಪಾಡಿ
ಜೂನ್ 24, ರಾತ್ರಿ 1:10

ಉಂಟು! ತಳದಲ್ಲಿ ಆರು ಫ್ಲಾಪಿ, ರಬ್ಬರ್ ಬ್ಯಾಂಡ್ ಹಾಕಿದ್ದು. ರಬ್ಬರ್ ಬ್ಯಾಂಡ್ ಮುಟ್ಟಿದ ಕೂಡಲೇ ಪುಡಿ ಆಯಿತು. ಒಂದನೆಯದನ್ನು ತೋರಿಸಿದೆ. ಒಪ್ಪಿಕೊಂಡಿತು. ಈಗ ಕಾಪಿ ಆಗುತ್ತಿದೆ, 23 ಶೇಕಡಾ. ಅಮ್ಮ ಎದ್ದು ಬಂದು ದೀಪ ಆರಿಸಲು ಹೇಳಿ ಹೋದರು.

ನೀಲಿತೆರೆ
ಜೂನ್ 24, ರಾತ್ರಿ 1:12

ನಾನೂ ಎದ್ದಿದ್ದೇನೆ. ಎಷ್ಟಾಯಿತು?

ಅಟ್ಟದಿಲಿ, ಕಟಪಾಡಿ
ಜೂನ್ 24, ರಾತ್ರಿ 1:48

100. ಮರುಶುರು ಆಯಿತು. ಪರದೆಯಲ್ಲಿ ವಿಂಡೋಸಿನ ಮೋಡದ ಚಿತ್ರ ಬಂತು. ಆಮೇಲೆ ಸ್ಟಾರ್ಟ್ ಬಟನ್.

ಸುರತ್ಕಲ್ ಹಳಬ
ಜೂನ್ 24, ಬೆಳಗ್ಗೆ 6:30

ಭೇಷ್. ಇದರಲ್ಲಿ ಕನ್ನಡ ಬೇಕಾದರೆ 'ಬರಹ' ತಂತ್ರಾಂಶದ ಹಳೆ ಆವೃತ್ತಿ ಹುಡುಕಿ, 1998ರಲ್ಲಿ ಬಂದದ್ದು. ಯುನಿಕೋಡ್ ಆಸೆ ಬಿಡಿ. ಕೀಲಿಮಣೆಯ ವಿಷಯ ಬಂದರೆ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನು ನೆನೆಯಬೇಕು. ಈಗ 'ನುಡಿ' ತಂತ್ರಾಂಶದಲ್ಲಿ ಒತ್ತುವ ವಿನ್ಯಾಸ ಅವರದ್ದೇ. ಎಲ್ಲೋ ದೂರದಲ್ಲಿ ಆದ ಕೆಲಸ ಅಂತ ಹುಡುಗರು ತಿಳಿದಿದ್ದಾರೆ.

ಅಟ್ಟದಿಲಿ, ಕಟಪಾಡಿ
ಜೂನ್ 30, ರಾತ್ರಿ 9:15

ದೊಡ್ಡಪ್ಪ ನಿನ್ನೆ ಬಂದರು. ಲೆಕ್ಕದ ಫೈಲುಗಳನ್ನು ಆ ಎರಡು ಫ್ಲಾಪಿಯಲ್ಲೇ ಹೊತ್ತು ತಂದು ಒಳಗೆ ಹಾಕಿದ್ದೆ. ಡಬ್ಬಿಯಲ್ಲಿ ಅವರ ಲೋಟಸ್ ಫ್ಲಾಪಿಯೂ ಸಿಕ್ಕಿತ್ತು.

ಚಾವಡಿಯ ಮೇಜಿನ ಮೇಲೆ ಇಟ್ಟು ಆನ್ ಮಾಡಿದೆ. ಮೆಮೊರಿ ಎಣಿಸುವಾಗ ಬರುವ ಟಿಕ್ ಟಿಕ್ ಕೇಳಿ ಕಾಫಿ ಕೆಳಗಿಟ್ಟರು. ಮೌಸ್ ಕೊಟ್ಟರೆ ಬೇಡ ಅಂದರು. ನೇರ ಡಾಸಿಗೆ ಹೋಗಿ ನೋಡದೆ ಟೈಪ್ ಮಾಡಿದರು. 1997ರ ಫೈಲ್. ನಾವು ಕೂತಿದ್ದ ಇದೇ ಮನೆಯ ಲೆಕ್ಕ. ಕೆಂಪುಕಲ್ಲು ಇಷ್ಟು, ಹೊಯ್ಗೆ ಇಷ್ಟು ಲೋಡ್, ಹಂಚು ಇಷ್ಟು, ಆಚಾರಿಗೆ ಮುಂಗಡ, ಆಳುಗಳ ಚಹಾ. ದುಬೈಯಲ್ಲಿ ಕೂತು, ಅಜ್ಜ ಫೋನಿನಲ್ಲಿ ಹೇಳಿದ್ದನ್ನು ಬರೆದದ್ದಂತೆ. ಬಾಣದ ಗುರುತು ಒತ್ತುತ್ತಾ ಕೆಳಗೆ ಕೆಳಗೆ ಹೋದರು. ಒಂದು ಕಡೆ ನಿಂತರು.

"ಇದು ನೋಡು, ಹೊಯ್ಗೆ ಒಂದೇ ಲೋಡನ್ನು ಎರಡು ಸಲ ಬರೆದಿದ್ದೇನೆ. ನಿನ್ನ ಅಜ್ಜನ ಹತ್ತಿರ ಸುಮ್ನೆ ಜಗಳ ಮಾಡಿದ್ದೆ ಆವತ್ತು."

ಒಂದು ಸಾಲು ಅಳಿಸಿದರು. ಸೇವ್ ಮಾಡಿದರು. ಮೊತ್ತ ಬದಲಾಯಿತು. ಮತ್ತೆ ಕಾಫಿ ಕುಡಿದರು.

ಬಂದರ್ ರಿಪೇರಿ, ಮಂಗಳೂರು
ಜೂನ್ 30, ರಾತ್ರಿ 9:40

ಆ ಫೈಲನ್ನು ಇನ್ನೂ ಎರಡು ಕಡೆ ಇಡಿ. ಕಾರ್ಡೂ ಸಾಯುತ್ತದೆ. ಬೂಷ್ಟು ಬಂದ ಮೂರು ಫ್ಲಾಪಿ ಬಿಸಾಡಬೇಡಿ, ಮಂಗಳೂರಿಗೆ ಬಂದಾಗ ತನ್ನಿ. ಚಿಪ್ಪು ಬಿಚ್ಚಿ ತಟ್ಟೆ ಒರೆಸಿ ನೋಡುವ.

ನೀಲಿತೆರೆ
ಜುಲೈ 1, ಬೆಳಗ್ಗೆ 10:05

ನಮ್ಮ ಅಪ್ಪನ ಕಪಾಟಿನಲ್ಲೂ ಒಂದು ಹಳೆ ಲ್ಯಾಪ್‌ಟಾಪ್ ಸಿಕ್ಕಿತು. ದೀಪ ಹತ್ತುತ್ತದೆ, ಫ್ಲಾಪಿ ತಿರುಗುವುದಿಲ್ಲ. ನಗಬೇಡಿ. ಆ ಬೆಲ್ಟಿನ ಸುತ್ತಳತೆ ಎಷ್ಟಿತ್ತು ಅಟ್ಟದಿಲಿ? ರಥಬೀದಿಯವರು ಭಾನುವಾರ ಇರುತ್ತಾರಾ?